ತೈಲ ಕಂಪೆನಿಯ ಸ್ವಾಧೀನ: ಸಣ್ಣ ಷೇರುದಾರರು ಅರಿಯಬೇಕಾದ ಕೇರ್ನ್ ಇಂಡಿಯಾ ಪಾಠ

ತೈಲ ಉತ್ಪಾದಿಸುವ ಕಂಪೆನಿಯೊಂದನ್ನು ಮತ್ತೊಂದು ಕಂಪೆನಿ ಕೊಳ್ಳುತ್ತದೆಂಬ ಸುದ್ದಿ ಹೊರಬಿದ್ದಾಗ ಎಲ್ಲರ ಕಣ್ಣಿಗೆ ಬೀಳುವುದು ವ್ಯವಹಾರದ ಒಟ್ಟು ಮೊತ್ತ. ಆದರೆ ನೂರು, ಇನ್ನೂರು ಷೇರುಗಳನ್ನು ಇಟ್ಟುಕೊಂಡಿರುವ ಸಾಮಾನ್ಯ ಹೂಡಿಕೆದಾರನಿಗೆ ಆ ಮೊತ್ತದಿಂದ ತಿಳಿಯುವುದು ಅತ್ಯಲ್ಪ. ತನಗೆ ಸಿಗುವ ಬೆಲೆ ಪ್ರವರ್ತಕರಿಗೆ ಸಿಗುವ ಬೆಲೆಯೇ, ಸರ್ಕಾರದ ಷರತ್ತುಗಳು ಯಾವಾಗ ಪ್ರಕಟವಾಗುತ್ತವೆ, ಕಂಪೆನಿಯ ಬೊಕ್ಕಸದಲ್ಲಿರುವ ಹಣ ನಾಳೆ ಯಾರ ಕೈಯಲ್ಲಿರುತ್ತದೆ ಎಂಬ ಪ್ರಶ್ನೆಗಳೇ ಅವನ ಲಾಭನಷ್ಟವನ್ನು ನಿರ್ಧರಿಸುತ್ತವೆ. ಭಾರತದ ಮಟ್ಟಿಗೆ ಈ ಪ್ರಶ್ನೆಗಳೆಲ್ಲವೂ ಒಟ್ಟಾಗಿ ಎದುರಾದದ್ದು ಕೇರ್ನ್ ಇಂಡಿಯಾ ಕಂಪೆನಿಯನ್ನು ವೇದಾಂತ ಸಮೂಹ ಸ್ವಾಧೀನಪಡಿಸಿಕೊಂಡ ಪ್ರಕರಣದಲ್ಲಿ.

ಹಿನ್ನೆಲೆ

ಸ್ಕಾಟ್ಲೆಂಡಿನ ಎಡಿನ್‌ಬರೋ ಮೂಲದ ಕೇರ್ನ್ ಎನರ್ಜಿ ಕಂಪೆನಿಯು 2004ರ ಜನವರಿಯಲ್ಲಿ ರಾಜಸ್ಥಾನದ ಬಾರ್ಮೇರ್ ಮರುಭೂಮಿಯಲ್ಲಿ ‘ಮಂಗಳಾ’ ತೈಲ ನಿಕ್ಷೇಪವನ್ನು ಪತ್ತೆ ಮಾಡಿತು. ಅದರ ಭಾರತೀಯ ಅಂಗಸಂಸ್ಥೆಯಾದ ಕೇರ್ನ್ ಇಂಡಿಯಾ ಷೇರಿಗೆ 160 ರೂ.ನಂತೆ ಸಾರ್ವಜನಿಕರಿಗೆ ಷೇರು ವಿತರಿಸಿ, 2007ರ ಜನವರಿಯಲ್ಲಿ ಷೇರುಪೇಟೆಯನ್ನು ಪ್ರವೇಶಿಸಿತು. 2009ರ ಆಗಸ್ಟ್‌ನಲ್ಲಿ ಮಂಗಳಾದಿಂದ ತೈಲೋತ್ಪಾದನೆ ಆರಂಭವಾಯಿತು. ಈ ನಿಕ್ಷೇಪ ವಲಯದಲ್ಲಿ ಕೇರ್ನ್ ಇಂಡಿಯಾದ ಪಾಲು ಶೇ. 70, ಸಾರ್ವಜನಿಕ ರಂಗದ ಒಎನ್‌ಜಿಸಿಯ ಪಾಲು ಶೇ. 30.

ಉತ್ಪಾದನೆ ಆರಂಭವಾಗಿ ಒಂದು ವರ್ಷವೂ ತುಂಬದಿರುವಾಗ, 2010ರ ಆಗಸ್ಟ್ 16ರಂದು, ಅನಿಲ್ ಅಗರ್ವಾಲ್ ನೇತೃತ್ವದ ವೇದಾಂತ ರಿಸೋರ್ಸಸ್ ಕೇರ್ನ್ ಇಂಡಿಯಾದ ಶೇ. 51ರಿಂದ 60ರಷ್ಟು ಪಾಲನ್ನು ಗರಿಷ್ಠ 960 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಪ್ರಕಟಿಸಿತು. ಕಬ್ಬಿಣ, ಸತು, ಅಲ್ಯೂಮಿನಿಯಂ, ತಾಮ್ರದ ವ್ಯವಹಾರದಲ್ಲಿದ್ದ ಸಮೂಹವೊಂದು ತೈಲ ಕ್ಷೇತ್ರಕ್ಕೆ ಕಾಲಿರಿಸಿದ್ದು ಹೀಗೆ.

ಒಂದೇ ಷೇರು, ಎರಡು ಬೆಲೆ

ಒಪ್ಪಂದದ ಪ್ರಕಾರ ಮಾತೃಸಂಸ್ಥೆ ಕೇರ್ನ್ ಎನರ್ಜಿಗೆ ದೊರೆಯಬೇಕಾಗಿದ್ದ ಬೆಲೆ ಷೇರಿಗೆ 405 ರೂ. ಇದರಲ್ಲಿ 355 ರೂ. ಷೇರಿನ ಬೆಲೆ, ಉಳಿದ 50 ರೂ. ಮುಂದೆ ಪೈಪೋಟಿಗಿಳಿಯುವುದಿಲ್ಲವೆಂಬ ಭರವಸೆಗೆ ಕೊಡುವ ಶುಲ್ಕ. ಸಾರ್ವಜನಿಕ ಷೇರುದಾರರಿಗಾಗಿ ಪ್ರಕಟಿಸಿದ ಓಪನ್ ಆಫರ್‌ನಲ್ಲಿ ಮಾತ್ರ 355 ರೂ. ಅಷ್ಟೇ. ಆಗ ಜಾರಿಯಲ್ಲಿದ್ದ 1997ರ ಸ್ವಾಧೀನ ನಿಯಮಾವಳಿಯು ಕೊಡುಗೆ ಬೆಲೆಯ ಶೇ. 25ರವರೆಗೆ ಇಂತಹ ಶುಲ್ಕಕ್ಕೆ ಅವಕಾಶ ನೀಡಿದ್ದರಿಂದ ಇದು ಕಾನೂನುಬಾಹಿರವಾಗಿರಲಿಲ್ಲ. ಆದರೂ ಒಂದೇ ಕಂಪೆನಿಯ ಒಂದೇ ಬಗೆಯ ಷೇರಿಗೆ ದೊಡ್ಡವರಿಗೊಂದು ಬೆಲೆ, ಸಣ್ಣವರಿಗೊಂದು ಬೆಲೆ ಏಕೆಂಬ ಪ್ರಶ್ನೆ ಎದ್ದಿತು.

2011ರ ಜೂನ್ ಅಂತ್ಯದಲ್ಲಿ ಈ ಶುಲ್ಕವನ್ನು ಕೈಬಿಡಲಾಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸೆಬಿ ಹೊರಡಿಸಿದ ಹೊಸ ನಿಯಮಾವಳಿಯು ಪ್ರವರ್ತಕರಿಗೆ ಪ್ರತ್ಯೇಕವಾಗಿ ಹೆಚ್ಚಿನ ಹಣ ನೀಡುವ ಪದ್ಧತಿಗೆ ತೆರೆ ಎಳೆಯಿತು. ಓಪನ್ ಆಫರ್ ಕಡ್ಡಾಯವಾಗುವ ಮಿತಿಯನ್ನು ಶೇ. 15ರಿಂದ 25ಕ್ಕೂ, ಕೊಳ್ಳಬೇಕಾದ ಕನಿಷ್ಠ ಪ್ರಮಾಣವನ್ನು ಶೇ. 20ರಿಂದ 26ಕ್ಕೂ ಏರಿಸಿತು.

ಕೊಡುಗೆ ಮೊದಲು, ಷರತ್ತು ಅನಂತರ

ಶೇ. 20ರಷ್ಟು ಷೇರುಗಳನ್ನು ಕೊಳ್ಳುವ ಓಪನ್ ಆಫರ್ 2011ರ ಏಪ್ರಿಲ್ 11ರಿಂದ 30ರವರೆಗೆ ನಡೆಯಿತು. ಷೇರುದಾರರು ಒಪ್ಪಿಸಿದ್ದು ಸುಮಾರು ಶೇ. 8ರಷ್ಟನ್ನು ಮಾತ್ರ. ಪೇಟೆಯ ದರ ಕೊಡುಗೆ ಬೆಲೆಯ ಆಸುಪಾಸಿನಲ್ಲಿಯೇ ಇತ್ತು. ತೆರಿಗೆಯ ಲೆಕ್ಕಾಚಾರವೂ ಇತ್ತು: ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡ ಷೇರನ್ನು ಷೇರುಪೇಟೆಯಲ್ಲಿ ಮಾರಿದರೆ ಬಂಡವಾಳ ಲಾಭಕ್ಕೆ ಆಗ ತೆರಿಗೆ ಇರಲಿಲ್ಲ, ಪೇಟೆಯ ಹೊರಗೆ ನಡೆಯುತ್ತಿದ್ದ ಓಪನ್ ಆಫರ್‌ಗೆ ಒಪ್ಪಿಸಿದರೆ ತೆರಿಗೆ ಅನ್ವಯಿಸುತ್ತಿತ್ತು. ಷೇರುಪೇಟೆಯ ಮೂಲಕವೇ ಒಪ್ಪಿಸುವ ವ್ಯವಸ್ಥೆ ಬಂದದ್ದು 2015ರಲ್ಲಿ.

ನಿರ್ಣಾಯಕ ಸಂಗತಿ ಹೊರಬಂದದ್ದು ಕೊಡುಗೆ ಮುಗಿದ ಎರಡು ತಿಂಗಳ ಬಳಿಕ. ರಾಜಸ್ಥಾನದ ತೈಲಕ್ಕೆ ಸಲ್ಲಬೇಕಾದ ಶೇ. 20ರ ರಾಯಲ್ಟಿಯನ್ನು, ಕೇವಲ ಶೇ. 30ರಷ್ಟು ಪಾಲುಳ್ಳ ಒಎನ್‌ಜಿಸಿಯೇ ಪೂರ್ತಿಯಾಗಿ ಕಟ್ಟುತ್ತಿತ್ತು. ಕೇರ್ನ್ ಇಂಡಿಯಾದ ಲಾಭದ ಗಾತ್ರಕ್ಕೆ ಈ ವ್ಯವಸ್ಥೆಯೂ ಒಂದು ಕಾರಣ. 2011ರ ಜೂನ್ 30ರಂದು ಕೇಂದ್ರ ಸಚಿವ ಸಂಪುಟ ಸಮಿತಿ ಸ್ವಾಧೀನಕ್ಕೆ ಸಮ್ಮತಿಸಿದಾಗ ಎರಡು ಷರತ್ತುಗಳನ್ನು ವಿಧಿಸಿತು: ರಾಯಲ್ಟಿಯನ್ನು ಯೋಜನಾ ವೆಚ್ಚವೆಂದು ಪರಿಗಣಿಸಿ ತೈಲದ ಆದಾಯದಿಂದಲೇ ಕಳೆಯಬೇಕು, ಸೆಸ್ ಕುರಿತು ಹೂಡಿದ್ದ ಮಧ್ಯಸ್ಥಿಕೆ ವ್ಯಾಜ್ಯವನ್ನು ಕೇರ್ನ್ ಹಿಂಪಡೆಯಬೇಕು. ಎರಡರಿಂದಲೂ ಕಂಪೆನಿಯ ಲಾಭ ಕುಗ್ಗುವುದು ಖಚಿತವಾಗಿತ್ತು. ಕೊಡುಗೆಯನ್ನು ನಿರಾಕರಿಸಿ ಷೇರು ಉಳಿಸಿಕೊಂಡವರು ಈ ಹೊರೆಯನ್ನೂ ಹೊರಬೇಕಾಯಿತು. ಮುಂದಿನ ತಿಂಗಳುಗಳಲ್ಲಿ ಪೇಟೆಯ ದರ 355 ರೂ.ಗಿಂತ ಕೆಳಗಿಳಿಯಿತು. 2011ರ ಡಿಸೆಂಬರ್‌ನಲ್ಲಿ ವ್ಯವಹಾರ ಪೂರ್ಣಗೊಂಡಾಗ ವೇದಾಂತ ಸಮೂಹದ ಪಾಲು ಶೇ. 58ನ್ನು ಮೀರಿತ್ತು.

ಕೊಳ್ಳುವ ಕಂಪೆನಿಯ ಷೇರುದಾರರು

ಇಂತಹ ಪ್ರಕರಣಗಳಲ್ಲಿ ಕೊಳ್ಳುವ ಕಂಪೆನಿಯ ಸಣ್ಣ ಷೇರುದಾರರನ್ನು ಮರೆಯುವವರೇ ಹೆಚ್ಚು. ಕೇರ್ನ್ ಇಂಡಿಯಾದ ಷೇರುಗಳಲ್ಲಿ ಒಂದು ಭಾಗವನ್ನು ಕೊಂಡದ್ದು ವೇದಾಂತ ಸಮೂಹಕ್ಕೆ ಸೇರಿದ ಸೇಸಾ ಗೋವಾ. ಗೋವಾದಲ್ಲಿ ಹಾಗೂ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಕಬ್ಬಿಣದ ಅದಿರಿನ ಗಣಿಗಳನ್ನು ಹೊಂದಿದ್ದ ಈ ಕಂಪೆನಿ, ಮಲೇಷ್ಯಾದ ಪೆಟ್ರೊನಾಸ್‌ನಿಂದ ಷೇರಿಗೆ 331 ರೂ.ನಂತೆ ಶೇ. 10ಕ್ಕೂ ಹೆಚ್ಚು ಪಾಲನ್ನು ಕೊಂಡಿತಲ್ಲದೆ, ಓಪನ್ ಆಫರ್‌ನಲ್ಲಿ ಬಂದ ಷೇರುಗಳನ್ನೂ ಪಡೆಯಿತು. ಅದಿರಿನ ಕಂಪೆನಿಯೆಂದು ನಂಬಿ ಷೇರು ಕೊಂಡವರು ತಮ್ಮ ಅಪೇಕ್ಷೆಯಿಲ್ಲದೆಯೇ ತೈಲದ ಹೂಡಿಕೆದಾರರಾದರು. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲಿ ಗಣಿಗಾರಿಕೆ ನಿಲ್ಲಿಸಿತು. 2012ರಲ್ಲಿ ಗೋವಾದಲ್ಲಿಯೂ ಗಣಿಗಳು ಸ್ತಬ್ಧಗೊಂಡವು. ಕೂಡಿಟ್ಟ ಹಣ ತೈಲಕ್ಕೆ ಹೋಗಿತ್ತು, ಮೂಲ ಕಸುಬು ನಿಂತಿತ್ತು.

ನೆಲದಡಿಯ ತೈಲ, ಪೇಟೆಯ ದರ

ತೈಲ ನಿಕ್ಷೇಪ ಕಾರ್ಖಾನೆಯಂತಲ್ಲ. ತೆಗೆದಷ್ಟೂ ಕರಗುವ ಆಸ್ತಿ. ರಾಜಸ್ಥಾನದ ಉತ್ಪಾದನೆ 2014ರಲ್ಲಿ ದಿನಕ್ಕೆ 2 ಲಕ್ಷ ಬ್ಯಾರಲ್ ಮುಟ್ಟಿ, ಅನಂತರ ಇಳಿಮುಖವಾಗಿ, 2024–25ರ ವೇಳೆಗೆ 1 ಲಕ್ಷ ಬ್ಯಾರಲ್‌ಗಿಂತ ಕೆಳಗಿಳಿಯಿತು. ಗುತ್ತಿಗೆಗೂ ಅವಧಿಯುಂಟು. 1995ರ ಒಪ್ಪಂದದ 25 ವರ್ಷಗಳು 2020ರಲ್ಲಿ ಮುಗಿದಾಗ, ಲಾಭದಲ್ಲಿ ಸರ್ಕಾರಕ್ಕೆ ಶೇಕಡಾ ಹತ್ತರಷ್ಟು ಹೆಚ್ಚುವರಿ ಪಾಲು ಕೊಡುವ ಷರತ್ತಿನ ಮೇಲೆ ಹತ್ತು ವರ್ಷಗಳ ವಿಸ್ತರಣೆ ಒದಗಿತು.

ದರದ ಅನಿಶ್ಚಿತತೆಗೆ ಇನ್ನೊಂದು ಉದಾಹರಣೆ ಒಎನ್‌ಜಿಸಿಯದು. ಅದರ ಅಂಗಸಂಸ್ಥೆ ಒಎನ್‌ಜಿಸಿ ವಿದೇಶ್, ರಷ್ಯಾದ ತೋಮ್ಸ್ಕ್ ಪ್ರಾಂತದಲ್ಲಿ ನಿಕ್ಷೇಪಗಳನ್ನು ಹೊಂದಿದ್ದ ಇಂಪೀರಿಯಲ್ ಎನರ್ಜಿಗೆ 2008ರ ಆಗಸ್ಟ್‌ನಲ್ಲಿ ಬೆಲೆ ಕಟ್ಟಿತು. ಹಿಂದಿನ ತಿಂಗಳಷ್ಟೇ ಕಚ್ಚಾ ತೈಲ ಬ್ಯಾರಲ್‌ಗೆ 147 ಡಾಲರ್ ತಲುಪಿತ್ತು. ಸುಮಾರು 210 ಕೋಟಿ ಡಾಲರ್‌ಗಳ ಈ ವ್ಯವಹಾರ 2009ರ ಜನವರಿಯಲ್ಲಿ ಮುಗಿಯುವ ಹೊತ್ತಿಗೆ ದರ 40 ಡಾಲರ್ ಆಸುಪಾಸಿಗೆ ಕುಸಿದಿತ್ತು. ಅಲ್ಲಿನ ಉತ್ಪಾದನೆಯೂ ನಿರೀಕ್ಷೆಯ ಮಟ್ಟ ಮುಟ್ಟಲಿಲ್ಲ. ಮಹಾಲೇಖಪಾಲರ ವರದಿ ಇದನ್ನು ಆಕ್ಷೇಪಿಸಿತು.

ಬೊಕ್ಕಸದ ಹಣ ಯಾರದು?

ಕೇರ್ನ್ ಇಂಡಿಯಾದಲ್ಲಿ ಸಾಲ ಕಡಿಮೆ, ನಗದು ಹೆಚ್ಚು. ವೇದಾಂತದಲ್ಲಿ ಸಾಲದ ಭಾರ ಹೆಚ್ಚು. 2014ರ ಜುಲೈನಲ್ಲಿ, ಕೇರ್ನ್ ಇಂಡಿಯಾ ತನ್ನ ಸಮೂಹದ ಕಂಪೆನಿಯೊಂದಕ್ಕೆ 125 ಕೋಟಿ ಡಾಲರ್ ಸಾಲದ ನೆರವು ಒದಗಿಸಿದ ಸಂಗತಿ ಬಹಿರಂಗವಾದಾಗ ಷೇರಿನ ದರ ಕುಸಿಯಿತು. ಕಾಯಿದೆಯನ್ನು ಮೀರಿರಲಿ ಬಿಡಲಿ, ಆ ಹಣದಲ್ಲಿ ಶೇ. 40ರಷ್ಟು ಹಕ್ಕುಳ್ಳ ಇತರ ಷೇರುದಾರರಿಗೆ ಅದು ಎಚ್ಚರಿಕೆಯ ಗಂಟೆಯಾಗಿತ್ತು.

2015ರ ಜೂನ್‌ನಲ್ಲಿ ವೇದಾಂತ ಲಿಮಿಟೆಡ್ ವಿಲೀನವನ್ನು ಪ್ರಕಟಿಸಿತು. ಕೇರ್ನ್ ಇಂಡಿಯಾದ ಒಂದು ಷೇರಿಗೆ ವೇದಾಂತದ ಒಂದು ಷೇರು ಮತ್ತು 10 ರೂ. ಮುಖಬೆಲೆಯ ಒಂದು ಆದ್ಯತಾ ಷೇರು ಎಂಬುದು ಮೊದಲ ಪ್ರಸ್ತಾವ. ಪ್ರವರ್ತಕರಲ್ಲದ ಷೇರುದಾರರ ಬಹುಮತವೂ ಅಗತ್ಯವಾಗಿದ್ದರಿಂದ 2016ರ ಜುಲೈನಲ್ಲಿ ಆದ್ಯತಾ ಷೇರುಗಳನ್ನು ನಾಲ್ಕಕ್ಕೆ ಏರಿಸಲಾಯಿತು. ಅದೇ ಸೆಪ್ಟೆಂಬರ್‌ನಲ್ಲಿ ಷೇರುದಾರರು ಒಪ್ಪಿಗೆ ನೀಡಿದರು. 2017ರ ಏಪ್ರಿಲ್‌ನಲ್ಲಿ ವಿಲೀನ ಜಾರಿಗೆ ಬಂದಿತು. ಸಣ್ಣ ಷೇರುದಾರರ ಮತಕ್ಕೆ ಬೆಲೆಯುಂಟೆಂಬುದಕ್ಕೆ ಈ ಏರಿಕೆಯೇ ನಿದರ್ಶನ.

ನೂರು ಷೇರುಗಳ ಲೆಕ್ಕ

160 ರೂ. ದರದಲ್ಲಿ ನೂರು ಷೇರು ಕೊಂಡವರು ತೊಡಗಿಸಿದ್ದು 16,000 ರೂ. ಓಪನ್ ಆಫರ್‌ಗೆ ಒಪ್ಪಿಸಿದ್ದರೆ, ತೆರಿಗೆಗೆ ಮುನ್ನ ಕೈಗೆ ಬರುತ್ತಿದ್ದುದು 35,500 ರೂ. ವಿಲೀನದವರೆಗೆ ಕಾದವರಿಗೆ ದೊರೆತದ್ದು ವೇದಾಂತದ ನೂರು ಷೇರು ಹಾಗೂ 4,000 ರೂ. ಮುಖಬೆಲೆಯ ಆದ್ಯತಾ ಷೇರುಗಳು. ಶೇ. 7.5ರಂತೆ ಹದಿನೆಂಟು ತಿಂಗಳ ಲಾಭಾಂಶ ಸೇರಿಸಿದರೆ ಆದ್ಯತಾ ಷೇರುಗಳಿಂದ ಬರುವುದು 4,450 ರೂ. ಮಧ್ಯದ ವರ್ಷಗಳ ಲಾಭಾಂಶವನ್ನು ಬದಿಗಿಟ್ಟರೆ, ಆರು ವರ್ಷಗಳ ಹಿಂದಿನ ಕೊಡುಗೆಗೆ ಸರಿಗಟ್ಟಲು ವೇದಾಂತದ ಷೇರು 310 ರೂ. ದಾಟಬೇಕಿತ್ತು, 2017ರ ಏಪ್ರಿಲ್‌ನಲ್ಲಿ ಅದು ಅಷ್ಟಿರಲಿಲ್ಲ. ಅಲ್ಲಿಂದಾಚೆಗೂ ತಾಳ್ಮೆಯಿಂದ ಉಳಿದವರಿಗೆ ವೇದಾಂತ ದೊಡ್ಡ ಲಾಭಾಂಶಗಳನ್ನು ನೀಡಿತು. 2022–23ರಲ್ಲಿ ಅದು ಷೇರಿಗೆ 101.50 ರೂ.ನಷ್ಟಿತ್ತು. ಆದರೆ ಅದು ಲೋಹಗಳನ್ನೂ ಒಳಗೊಂಡ ಸಮೂಹದ ಗಳಿಕೆಯೇ ಹೊರತು ಬಾರ್ಮೇರ್ ತೈಲವೊಂದರದೇ ಅಲ್ಲ.

ಕೇಳಿಕೊಳ್ಳಬೇಕಾದ ಪ್ರಶ್ನೆಗಳು

* ಪ್ರವರ್ತಕರಿಗೂ ಸಾರ್ವಜನಿಕರಿಗೂ ಒಂದೇ ಬೆಲೆಯೇ? ಪಾವತಿ ನಗದಿನಲ್ಲೋ, ಷೇರುಗಳಲ್ಲೋ?

* ಸರ್ಕಾರದ ಅನುಮತಿ ಬಾಕಿಯಿದೆಯೇ? ರಾಯಲ್ಟಿ, ಸೆಸ್ ಕುರಿತ ವ್ಯಾಜ್ಯಗಳು ಕೊಡುಗೆಯ ಅವಧಿಯೊಳಗೆ ಇತ್ಯರ್ಥವಾಗುತ್ತವೆಯೇ?

* ನಿಕ್ಷೇಪದಲ್ಲಿ ಉಳಿದಿರುವುದೆಷ್ಟು? ಗುತ್ತಿಗೆಯ ಅವಧಿ ಎಂದಿನವರೆಗೆ?

* ಕೊಳ್ಳುವವರು ಹಣವನ್ನು ಎಲ್ಲಿಂದ ತರುತ್ತಾರೆ? ಸಾಲದಿಂದಾದರೆ, ಅದನ್ನು ತೀರಿಸಲು ಯಾವ ಕಂಪೆನಿಯ ನಗದು ಬಳಕೆಯಾಗುತ್ತದೆ?

* ಸಂಬಂಧಿತ ಕಂಪೆನಿಗಳ ನಡುವಿನ ವ್ಯವಹಾರಗಳ ಬಗ್ಗೆ ವಾರ್ಷಿಕ ವರದಿಯ ಟಿಪ್ಪಣಿಗಳು ಏನು ಹೇಳುತ್ತವೆ?

* ಮತಪತ್ರ ಬಂದಾಗ ಮತ ಚಲಾಯಿಸಿದ್ದೀರಾ?

ಕೊಡುಗೆ ಪತ್ರದ ಮೊದಲ ಪುಟದಲ್ಲಿ ಬೆಲೆ ಮಾತ್ರ ಇರುತ್ತದೆ. ಉಳಿದ ಉತ್ತರಗಳು ಒಳಪುಟಗಳಲ್ಲಿ, ಸಣ್ಣ ಅಕ್ಷರಗಳಲ್ಲಿ ಇರುತ್ತವೆ. ಅವುಗಳನ್ನು ಓದಲು ಕೊಡುಗೆಯ ಅವಧಿಯಷ್ಟೇ ಕಾಲಾವಕಾಶ; ಅದು ಮುಗಿದ ಮೇಲೆ ಷೇರುದಾರನಿಗೆ ಉಳಿಯುವುದು ಪೇಟೆಯ ದರವೊಂದೇ.