ಕಾವೇರಿಯಿಂದ ಪಾಲಾರ್‌ಗೆ ಸರಿದ ಗಡಿ

ಮಲೆ ಮಹದೇಶ್ವರ ಬೆಟ್ಟದಿಂದ ಮೆಟ್ಟೂರಿನ ಕಡೆಗೆ ಇಳಿಯುವ ರಸ್ತೆಯಲ್ಲಿ ಪಾಲಾರ್ ಸೇತುವೆ ದಾಟಿದರೆ ತಮಿಳುನಾಡು. ವೆಲ್ಲೂರಿನತ್ತ ಹರಿಯುವ ದೊಡ್ಡ ಪಾಲಾರ್ ಬೇರೆ. ಇದು ಕಾಡಿನಿಂದ ಬಂದು ಕಾವೇರಿಯನ್ನು ಸೇರುವ ಹೊಳೆ. 1993ರ ಏಪ್ರಿಲ್ 9ರಂದು ವೀರಪ್ಪನ್ ತಂಡ ನೆಲಬಾಂಬ್ ಸಿಡಿಸಿ 22 ಜನರನ್ನು ಕೊಂದಾಗ ಪಾಲಾರ್ ಹೆಸರು ದೇಶಕ್ಕೆಲ್ಲ ತಿಳಿಯಿತು. ಆದರೆ ಪಾಲಾರ್ ಎರಡು ರಾಜ್ಯಗಳ ಗಡಿಯಾದದ್ದು 1956ರಲ್ಲಿ. ಅದಕ್ಕೆ ಮೊದಲು ಮೈಸೂರಿನ ಗಡಿ ಉತ್ತರದಲ್ಲಿ, ಶಿವನಸಮುದ್ರದ ಬಳಿಯ ಕಾವೇರಿಯಲ್ಲಿತ್ತು. ಈ ಎರಡು ಗಡಿಗಳ ನಡುವಿನ ಸೀಮೆಯೇ ಕೊಳ್ಳೇಗಾಲ.

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಬಳಿಕ ಈಸ್ಟ್ ಇಂಡಿಯಾ ಕಂಪನಿ ಕೊಯಮತ್ತೂರು ಸೀಮೆಯನ್ನು ತನ್ನ ಆಡಳಿತಕ್ಕೆ ತೆಗೆದುಕೊಂಡಿತು. ಕೊಳ್ಳೇಗಾಲ ಅದರೊಂದಿಗೆ ಮದ್ರಾಸಿಗೆ ಸೇರಿತು. ಪಕ್ಕದ ಯಳಂದೂರು ಮೈಸೂರಿನಲ್ಲೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದಿತು. ಎರಡೂ ಕಡೆ ಆಡುವ ಮಾತು ಕನ್ನಡವೇ. ಆದರೆ ಒಂದೂರಿನವರಿಗೆ ಅರಸರು ಮೈಸೂರಿನಲ್ಲಿ, ಇನ್ನೊಂದೂರಿನವರಿಗೆ ಕಲೆಕ್ಟರ್ ಕೊಯಮತ್ತೂರಿನಲ್ಲಿ. ಜಿಲ್ಲಾ ಕಚೇರಿಯ ಕೆಲಸಕ್ಕೆ ಕೊಳ್ಳೇಗಾಲದವರು ಹಾಸನೂರಿನ ಕಾಡು ಹಾದು, ದಿಂಬಂ ಘಟ್ಟ ಇಳಿದು ಹೋಗಬೇಕಿತ್ತು.

ಗಡಿಯಿದ್ದರೂ ಒಡನಾಟ ನಿಲ್ಲಲಿಲ್ಲ. ಜಹಗೀರುದಾರ ರಾಮಸ್ವಾಮಿ ಮೊದಲಿಯಾರ್ 19ನೇ ಶತಮಾನದ ಪೂರ್ವಾರ್ಧದಲ್ಲಿ ಶಿವನಸಮುದ್ರದಲ್ಲಿ ಕಟ್ಟಿಸಿದ ಕಲ್ಲುಕಂಬಗಳ ಸೇತುವೆಗಳು ಎರಡು ದಡಗಳನ್ನೂ ಕೂಡಿಸಿದವು. ಮದ್ರಾಸ್ ಪ್ರಾಂತ್ಯದ ರೇಷ್ಮೆ ಕೃಷಿಗೆ ಕೊಳ್ಳೇಗಾಲವೇ ಮುಖ್ಯ ನೆಲೆಯಾಯಿತು. ಇಲ್ಲಿನ ನೇಕಾರರ ರೇಷ್ಮೆ ಸೀರೆಗೆ ಹೆಸರು ಬಂತು. ಕಚೇರಿಯ ಗಡಿಯನ್ನು ಮಾದಪ್ಪನ ಒಕ್ಕಲು ಲೆಕ್ಕಕ್ಕೆ ಹಿಡಿಯಲಿಲ್ಲ. ಕಂಸಾಳೆ ಹಿಡಿದ ದೇವರಗುಡ್ಡರು ಹಾಡಿದ ಮಹದೇಶ್ವರನ ಕಥೆ ಶಾಲೆ, ಕಚೇರಿಗಳ ಹಂಗಿಲ್ಲದೆ ಕನ್ನಡವನ್ನು ಕಾಯ್ದುಕೊಂಡು ಬಂತು.

1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಕೊಳ್ಳೇಗಾಲದ ಮತದಾರರು ಮದ್ರಾಸ್ ವಿಧಾನಸಭೆಗೆ ಪ್ರತಿನಿಧಿಯನ್ನು ಆರಿಸಿದರು. 1957ರಲ್ಲಿ ಮೈಸೂರು ವಿಧಾನಸಭೆಗೆ. ನಡುವೆ, 1956ರ ನವೆಂಬರ್ 1ರಂದು, ರಾಜ್ಯ ಪುನರ್ವಿಂಗಡಣೆಯಾಗಿ ತಾಲ್ಲೂಕು ಮೈಸೂರು ರಾಜ್ಯಕ್ಕೆ ಬಂದಿತ್ತು. 1997ರಲ್ಲಿ ಅದು ಹೊಸ ಚಾಮರಾಜನಗರ ಜಿಲ್ಲೆಗೆ ಸೇರಿತು. ಮುಂದೆ ಹನೂರು ಬೇರೆ ತಾಲ್ಲೂಕಾಯಿತು.

ಎಲ್ಲರಿಗೂ ಈ ಅವಕಾಶ ಸಿಗಲಿಲ್ಲ. ಚಾಮರಾಜನಗರಕ್ಕೆ ಹತ್ತಿರದ ತಾಳವಾಡಿಯಲ್ಲೂ ಮನೆಮಾತು ಕನ್ನಡವೇ. ಆದರೆ ಗೋಬಿಚೆಟ್ಟಿಪಾಳ್ಯಂ ತಾಲ್ಲೂಕಿಗೆ ಸೇರಿದ್ದರಿಂದ ಅದು ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ಇಡೀ ತಾಲ್ಲೂಕನ್ನು ಒಂದು ಘಟಕವಾಗಿ ಎಣಿಸಿದ್ದು ಕೊಳ್ಳೇಗಾಲಕ್ಕೆ ಒದಗಿತು, ತಾಳವಾಡಿಗೆ ಒದಗಲಿಲ್ಲ. ಇತ್ತ ಪಾಲಾರ್ ಸೇತುವೆ ದಾಟಿ ಮಾದಪ್ಪನ ಜಾತ್ರೆಗೆ ಬರುವ ತಮಿಳು ಭಕ್ತರ ಸಾಲು ಇಂದಿಗೂ ಹಳೆಯ ನಂಟನ್ನು ಉಳಿಸಿಕೊಂಡಿದೆ.