ಪುರದ ಸಗಣಿ ಲೆಕ್ಕ

53, 31, 16. ಪಿಎಚ್‌ಡಿಯ ಮೊದಲ ವರ್ಷ ಈ ಮೂರು ಅಂಕಿಗಳನ್ನು ನೋಟ್‌ಬುಕ್ಕಿನ ಒಳರಟ್ಟಿನ ಮೇಲೆ ಬರೆದುಕೊಂಡಿದ್ದೆ. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಕೆಲವು ಹಳ್ಳಿಗಳಲ್ಲಿ ಮನುಷ್ಯರು ದುಡಿಮೆಗೆ ಸುರಿಯುವ ಶಕ್ತಿಯಲ್ಲಿ ಹೆಂಗಸರ ಪಾಲು ಶೇ. 53, ಗಂಡಸರದು 31, ಮಕ್ಕಳದು 16. ಶ್ರೀಲತಾ ಬಾಟ್ಲಿವಾಲಾ 1982ರಲ್ಲಿ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಈ ಲೆಕ್ಕವನ್ನು ಮುಂದಿಟ್ಟರು. ಬಡ ಹೆಣ್ಣುಮಕ್ಕಳ ಅಪೌಷ್ಟಿಕತೆಗೆ ಕಾರಣವನ್ನು ಊಟದ ತಟ್ಟೆಯಲ್ಲಿ ಮಾತ್ರವಲ್ಲ, ಸೌದೆ, ನೀರು ಹೊರುವ ದಾರಿಯಲ್ಲೂ ಹುಡುಕಬೇಕು ಎಂಬುದು ಅವರ ವಾದವಾಗಿತ್ತು.

ಲೆಕ್ಕ ಹುಟ್ಟಿದ್ದು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ. ಹಳೆಯ ಬೆಂಗಳೂರಿಗರಿಗೆ ಅದು ಇನ್ನೂ ಟಾಟಾ ಇನ್‌ಸ್ಟಿಟ್ಯೂಟ್. ಅಲ್ಲಿ ಎಲೆಕ್ಟ್ರೋಕೆಮಿಸ್ಟ್ರಿ ಪ್ರಾಧ್ಯಾಪಕರಾಗಿದ್ದ ಅಮೂಲ್ಯ ರೆಡ್ಡಿ, ಬಾಕ್ರಿಸ್ ಜೊತೆ ಬರೆದ ಪಠ್ಯಪುಸ್ತಕದಿಂದಲೇ ಜಗತ್ತಿಗೆಲ್ಲ ಗೊತ್ತಿದ್ದವರು. ಆ ಹೆಸರನ್ನೇ ನೆಚ್ಚಿಕೊಂಡು ಹಾಯಾಗಿ ಇರಬಹುದಿತ್ತು. 1974ರಲ್ಲಿ ಅವರು ಒಂದಷ್ಟು ಸಹೋದ್ಯೋಗಿಗಳನ್ನು ಕಟ್ಟಿಕೊಂಡು ‘ಅಸ್ತ್ರ’ ಶುರುಮಾಡಿದರು. ವಿಜ್ಞಾನ, ತಂತ್ರಜ್ಞಾನವನ್ನು ಹಳ್ಳಿಗೆ ಅನ್ವಯಿಸುವುದು ಎಂಬರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಸೇರಿ ಆದ ಪದ ಅದು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರ ಕೇಂದ್ರ ತಲೆಯೆತ್ತಿತು. ನಮ್ಮ ಎಷ್ಟೋ ಅಡುಗೆಮನೆಗಳಿಗೆ ಬಂದ, ಹೊಗೆಕೊಳವೆಯ ‘ಅಸ್ತ್ರ ಒಲೆ’ ಇವರದೇ.

ನನಗೆ ಒಲೆಗಿಂತ ಹೆಚ್ಚು ಕಾಡಿದ್ದು ಪುರ. ಅಸ್ತ್ರದವರು ಕೂತು ಲೆಕ್ಕ ಹಾಕಿದ ಆರು ಹಳ್ಳಿಗಳಲ್ಲಿ ಅದೂ ಒಂದು. ಊರಿನ ಶಕ್ತಿಯ ಬಳಕೆಯಲ್ಲಿ ದೊಡ್ಡ ಪಾಲು ಅಡುಗೆಯ ಸೌದೆಯದು ಎಂದು ಅಳತೆ ಹೇಳಿತು. ಹಾಗಾದರೆ ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿ ಮನೆಮನೆಗೆ ಅಡುಗೆ ಅನಿಲ ಕೊಡೋಣ ಎಂದಾಯಿತು. ಕಾಗದದ ಮೇಲೆ ತಪ್ಪೇನೂ ಇರಲಿಲ್ಲ. ಆದರೆ ಸಿಕ್ಕ ಸಗಣಿಯಿಂದ ಎಲ್ಲ ಮನೆಗಳ ಎರಡು ಹೊತ್ತಿನ ಅಡುಗೆಗೆ ಸಾಲುವಷ್ಟು ಅನಿಲ ಬರಲಿಲ್ಲ. (ಮೇಯಲು ಹೋದ ದನ ಸಗಣಿಯನ್ನು ಕೊಟ್ಟಿಗೆಗೆಂದು ಕಾದಿಟ್ಟುಕೊಂಡು ಬರುವುದಿಲ್ಲವಲ್ಲ!) ಅರ್ಧ ಅಡುಗೆ ಅನಿಲದಲ್ಲಿ, ಅರ್ಧ ಸೌದೆಯಲ್ಲಿ ಎಂದರೆ ಹೆಂಗಸರಿಗೆ ಎರಡೆರಡು ಕೆಲಸ. ಯೋಜನೆ ನಿಂತಿತು.

ನಿಂತ ಮೇಲೆ ನಡೆದದ್ದೇ ಈ ಚರಿತ್ರೆಯ ಜೀವಾಳ. ಊರಿಗೆ ಮೊದಲು ಬೇಕಿದ್ದದ್ದು ಕುಡಿಯುವ ನೀರು. 1987ರಲ್ಲಿ ಅದೇ ಅನಿಲದಿಂದ ಎಂಜಿನ್ ಓಡಿಸಿ, ವಿದ್ಯುತ್ ತೆಗೆದು, ಕೊಳವೆಬಾವಿಯ ನೀರೆತ್ತಿ ನಲ್ಲಿಗೆ ಬಿಟ್ಟರು. ಮನೆಗಳಲ್ಲಿ ಟ್ಯೂಬ್‌ಲೈಟು ಉರಿಯಿತು. ಸಗಣಿ ತಂದವರಿಗೆ ತೂಕದ ಮೇಲೆ ಒಂದಿಷ್ಟು ಪೈಸೆ; ಅನಿಲ ಕಳೆದುಳಿದ ಬಗ್ಗಡವೂ ತಂದ ಪ್ರಮಾಣಕ್ಕೆ ತಕ್ಕಂತೆ ಗೊಬ್ಬರವಾಗಿ ವಾಪಸ್. ಸ್ಥಾವರ ನೋಡಿಕೊಂಡವರು ಊರಿನ ಹುಡುಗರೇ. ದನವಿಲ್ಲದ ಮನೆಗೆ ಪೈಸೆಯೂ ಇಲ್ಲ, ಗೊಬ್ಬರವೂ ಇಲ್ಲ. ನಲ್ಲಿಯ ನೀರಿಗೆ ಮಾತ್ರ ದನದ ಲೆಕ್ಕ ಬೇಕಿರಲಿಲ್ಲ. ನ್ಯಾಯದ ದೃಷ್ಟಿಯಿಂದ ನನಗೆ ಇದೇ ಅಡುಗೆ ಅನಿಲಕ್ಕಿಂತ ದೊಡ್ಡ ಸಂಗತಿ.

ಪುರದ ಸೋಲನ್ನು ವಿಜ್ಞಾನಿಗಳು ಮುಚ್ಚಿಡಲಿಲ್ಲ, ಸ್ವತಃ ರೆಡ್ಡಿಯವರೇ ಬರೆದರು. ಆದರೆ ನಾನು ಓದಿದ್ದೆಲ್ಲ ಇಂಗ್ಲಿಷ್ ಪ್ರಬಂಧಗಳು. ಅವುಗಳಲ್ಲಿ ಸಗಣಿಯ ಕಿಲೋ ಇದೆ, ನೀರಿನ ಲೀಟರಿದೆ. ಬುಟ್ಟಿ ಹೊತ್ತವರು ಶೇಕಡಾವಾರು ಆಗಿದ್ದಾರೆ. ಆ 53ರೊಳಗಿನ ಒಬ್ಬಳ ಮಾತನ್ನು ಕೇಳಬೇಕೆಂದು ಹಟ ಹಿಡಿದು ಕಳೆದ ಬೇಸಗೆಯಲ್ಲಿ ಆ ಸೀಮೆಯ ಒಂದು ಹಳ್ಳಿಗೆ ಹೋದೆ. ಊರಿನ ಹೆಸರು ಬೇಡ. ನನ್ನ ಹಾಳೆಯಲ್ಲಿ 38 ಪ್ರಶ್ನೆಗಳಿದ್ದವು. ಒಲೆ, ಸೌದೆ, ಹೊಗೆ, ಗ್ಯಾಸ್ ಸಿಲಿಂಡರು.

ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಅಜ್ಜಿಯೊಬ್ಬರು ಎಲ್ಲಕ್ಕೂ ತಾಳ್ಮೆಯಿಂದ ಉತ್ತರಿಸಿದರು. ನಾನು ಪೆನ್ನು ಮುಚ್ಚಿದಾಗ ಕೇಳಿದರು: “ಆಯ್ತೇನವ್ವ? ನೀರಿನ ಸುದ್ದಿ ಕೇಳ್ಲೇ ಇಲ್ವಲ್ಲ ನೀನು.”

“ಅದು ನನ್ನ ವಿಷಯದಲ್ಲಿ ಬರಲ್ಲ ಅಜ್ಜಿ” ಅಂದೆ. ಪುರದ ಕಥೆಯನ್ನು ಎರಡು ವರ್ಷ ಓದಿದವಳು ನಾನು!

ಅವರು ನಕ್ಕು, “ನಂಗೆ ಬರೋದು ಅದೊಂದೇ ಕಣವ್ವ” ಅಂದರು. ಆಮೇಲೆ ಬಾಲ್ಯದ ಬಾವಿ, ಬಸುರಿಯಾಗಿದ್ದಾಗ ಹೊತ್ತ ಕೊಡ, ಈಗ ನಲ್ಲಿ ಬರುವ ಹೊತ್ತು, ಎಲ್ಲವನ್ನೂ ಹೇಳುತ್ತ ಹೋದರು. ಬರೆದುಕೊಳ್ಳಲು ಹಾಳೆಯಲ್ಲಿ ಜಾಗವಿರಲಿಲ್ಲ. ತಿರುಗಿಸಿ ಹಿಂಬದಿಯಲ್ಲಿ ಬರೆದೆ. ಕೊನೆಯ ಬಸ್ಸು ತಪ್ಪಿತು. ರಾತ್ರಿ ಅವರ ಮನೆಯಲ್ಲೇ ಮುದ್ದೆ ಉಂಡು ಮಲಗಿದೆ. ನಲ್ಲಿ ಬಂದಾಗ ಇನ್ನೂ ಕತ್ತಲಿತ್ತು. ಅಜ್ಜಿ ನನ್ನನ್ನು ಎಬ್ಬಿಸಿ ಕೈಗೊಂದು ಬಿಂದಿಗೆ ಕೊಟ್ಟರು.