ತಂದೆ ಮಗನ ಯುದ್ಧದಲ್ಲಿ ಪರದೇಶದ ಸೈನಿಕ

ವಾಡಿಯಲ್ಲಿ ರೈಲು ಹತ್ತಿ, ಚಿತ್ತಾಪುರ, ಸೇಡಂ, ತಾಂಡೂರುಗಳನ್ನು ದಾಟಿ ಹೈದರಾಬಾದಿಗೆ ಹೋಗುವುದು ನಮ್ಮ ಕಡೆಯ ಕುಟುಂಬಗಳಿಗೆ ಹೊಸದೇನಲ್ಲ. 1874ರಲ್ಲಿ ಈ ರೈಲುಮಾರ್ಗ ತೆರೆಯಿತು. 1956ರ ತನಕ ಆ ನಗರವೇ ನಮಗೆ ರಾಜಧಾನಿ. ಅಲ್ಲಿನ ಪೂರ್ವ ಭಾಗದ ಬಡಾವಣೆಯೊಂದರ ಹೆಸರು ಮೂಸಾರಾಮ್‌ಬಾಗ್. ಇಂದು ಅದೇ ಹೆಸರಿನ ಮೆಟ್ರೋ ನಿಲ್ದಾಣವೂ ಇದೆ. ಆ ಮೂಸಾರಾಮನು ಹಿಂದೂವೂ ಅಲ್ಲ, ಮುಸಲ್ಮಾನನೂ ಅಲ್ಲ. ಫ್ರಾನ್ಸ್ ದೇಶದ ಸೆರಿಞಾಕ್ ಎಂಬ ಊರಿನಲ್ಲಿ 1755ರಲ್ಲಿ ಜನಿಸಿದ ಮಿಶೆಲ್ ಜೋಕಿಮ್ ಮೇರಿ ರೇಮಂಡ್.

ವ್ಯಾಪಾರಿಯ ಮಗನಾದ ರೇಮಂಡ್ 1775ರಲ್ಲಿ ಪಾಂಡಿಚೇರಿಗೆ ಬಂದಿಳಿದನು. ವ್ಯಾಪಾರ ಕೈಹಿಡಿಯಲಿಲ್ಲ; ಕತ್ತಿ ಹಿಡಿದನು. ಕೆಲಕಾಲ ಮೈಸೂರಿನ ಹೈದರಾಲಿಯ ಸೇವೆಯಲ್ಲಿದ್ದ ಫ್ರೆಂಚ್ ದಳದಲ್ಲಿದ್ದು, 1786ರಲ್ಲಿ ನಿಜಾಮ್ ಅಲಿ ಖಾನನ ಆಶ್ರಯಕ್ಕೆ ಬಂದನು. ಆರಂಭದಲ್ಲಿ ಆತನಲ್ಲಿದ್ದವರು ಮುನ್ನೂರು ಜನ ಮಾತ್ರ. ಅವರ ಬಂದೂಕುಗಳೂ ಬಾಡಿಗೆಯವಂತೆ! ಹತ್ತು ವರ್ಷ ತುಂಬುವುದರೊಳಗೆ ಆ ದಳ 10,000ಕ್ಕೂ ಮಿಕ್ಕಿತು. ಅಧಿಕಾರಿಗಳು ಫ್ರೆಂಚರು, ಸಿಪಾಯಿಗಳು ಈ ನಾಡಿನವರು. ನಗರದಲ್ಲಿ ತೋಪುಗಳನ್ನು ಎರಕ ಹೊಯ್ಯುವ ಕಾರ್ಖಾನೆಯನ್ನೂ ಆತನು ಸ್ಥಾಪಿಸಿದನು. ಗನ್‌ಫೌಂಡ್ರಿ ಎಂಬ ಪ್ರದೇಶದ ಹೆಸರಿನಲ್ಲಿ ಅದು ಇನ್ನೂ ಉಳಿದಿದೆ.

1795ರ ಮಾರ್ಚ್ ತಿಂಗಳಲ್ಲಿ ಖರ್ಡಾ ಎಂಬಲ್ಲಿ ಮರಾಠರ ಮುಂದೆ ನಿಜಾಮನು ಸೋತನು. ಆ ಯುದ್ಧದಲ್ಲಿ ಇಂಗ್ಲಿಷರು ನೆರವಿಗೆ ಬಾರದ್ದರಿಂದ ನಿಜಾಮನು ಮುನಿದು ಅವರ ಪಡೆಗಳನ್ನು ಹೊರಡಿಸಿದನು. ಮಂತ್ರಿ ಅರಿಸ್ತು ಜಾಹನೋ ಮರಾಠರಿಗೆ ಒತ್ತೆಯಾಳಾಗಿ ಹೋಗಿದ್ದನು. ಮನೆ ಹೀಗೆ ಬರಿದಾಗಿದ್ದಾಗ, ಜೂನ್ ಕೊನೆಯಲ್ಲಿ, ಹಿರಿಯ ಮಗ ಅಲಿ ಜಾಹನು ತಂದೆಯ ವಿರುದ್ಧವೇ ಎದ್ದನು. ರಾತ್ರೋರಾತ್ರಿ ರಾಜಧಾನಿ ಬಿಟ್ಟು ಬೀದರ್ ಕೋಟೆ ಸೇರಿದನು. ಚಿಂಚೋಳಿಯವರಿಗೆ ಬೀದರ್ ದೂರದ ಊರಲ್ಲ. ದಂಗೆ ನಡೆದದ್ದು ನಮ್ಮ ನೆರೆಯಲ್ಲಿಯೇ. ಎರಡು ಕಡೆ ನಿಂತವರೂ ಒಂದೇ ಮನೆಯ ಉಪ್ಪು ತಿಂದವರು.

ಸಮುವೇಲನ ಎರಡನೆಯ ಗ್ರಂಥವನ್ನು ಓದಿದವರಿಗೆ ಇಲ್ಲಿ ಅಬ್ಷಾಲೋಮನ ನೆನಪು ಬಾರದಿರದು. ಆದರೆ ನನಗೆ ಮೊದಲು ನೆನಪಾಗುವವನು ಅಲ್ಲಿ ಒಂದೆರಡು ಕಡೆ ಮಾತ್ರ ಕಾಣಿಸಿಕೊಳ್ಳುವ ಗತ್ ಊರಿನ ಇತ್ತೈ. ಮಗನಿಗೆ ಹೆದರಿ ಅರಮನೆ ಬಿಟ್ಟು ಹೊರಟ ದಾವೀದನು ಅವನನ್ನು ತಡೆದು, ನೀನು ಪರದೇಶದವನು, ನಿನ್ನೆ ಮೊನ್ನೆ ಬಂದವನು, ನಮ್ಮ ಅಲೆದಾಟ ನಿನಗೇಕೆ, ಹಿಂದಿರುಗು ಎಂದು ಹೇಳುತ್ತಾನೆ. ಇತ್ತೈ ಹಿಂದಿರುಗುವುದಿಲ್ಲ.

ರೇಮಂಡನನ್ನು ಯಾರೂ ಹಾಗೆ ತಡೆಯಲಿಲ್ಲ, ನಿಜಾಮನೇ ಕಳುಹಿಸಿದನು. ಬೀದರಿನಿಂದ ಔರಂಗಾಬಾದಿನವರೆಗೆ ಆತನು ರಾಜಕುಮಾರನನ್ನು ಬೆನ್ನಟ್ಟಿ ಸೆರೆಹಿಡಿದನು. ಹೈದರಾಬಾದಿಗೆ ಮರಳುವ ದಾರಿಯಲ್ಲಿಯೇ ಅಲಿ ಜಾಹನು ವಿಷ ಸೇವಿಸಿ ಸತ್ತನು. ಮಗನನ್ನು ಜೀವಂತವಾಗಿ ಹಿಡಿದರೂ ತಂದೆಯ ಮುಂದೆ ಜೀವಂತವಾಗಿ ನಿಲ್ಲಿಸಲಾಗಲಿಲ್ಲ. ಅಬ್ಷಾಲೋಮನನ್ನು ಉಳಿಸಿರೆಂದು ದಾವೀದನು ಆಜ್ಞಾಪಿಸಿದ ಮೂವರು ಸೇನಾಪತಿಗಳಲ್ಲಿ ಇತ್ತೈಯೂ ಒಬ್ಬ. ಅವನೂ ಉಳಿಸಲಾರದೆ ಹೋದನು.

ರೇಮಂಡನನ್ನು ಸಂತನೆಂದು ಹೊಗಳಲು ನಾನು ಹೊರಟಿಲ್ಲ. ಆತನು ದುಡಿದದ್ದು ಸಂಬಳಕ್ಕೆ, ಜಹಗೀರಿಗೆ. ಆತನ ಪಡೆ ಫ್ರಾನ್ಸಿನ ಮೂರು ಬಣ್ಣದ ಧ್ವಜವನ್ನು ಹೊತ್ತು ನಡೆಯುತ್ತಿತ್ತು. ಸ್ವದೇಶದ ಹಿತವೂ ಮನಸ್ಸಿನಲ್ಲಿತ್ತು. ಅರಸನನ್ನು ಕೊಂದ ದೇಶದ ಬಾವುಟ ಹಿಡಿದು ಇಲ್ಲಿ ಅರಸನ ಗದ್ದುಗೆ ಕಾದದ್ದು ವಿಚಿತ್ರವೇ ಸರಿ. ಆದರೂ ತಂದೆಯ ಕೈ ಕೆಳಗಾಗಿದ್ದ ಆ ವರ್ಷದಲ್ಲಿ ಆತನು ಪಕ್ಷ ಬದಲಿಸಲಿಲ್ಲ. ಬಾಡಿಗೆಯ ಸೈನಿಕರ ಆ ಕಾಲದಲ್ಲಿ ಅದು ಸಣ್ಣ ಮಾತಲ್ಲ.

1798ರ ಮಾರ್ಚ್ 25ರಂದು ರೇಮಂಡ್ ತೀರಿಕೊಂಡನು. ವಿಷಪ್ರಾಶನವೆಂಬ ಗುಮಾನಿ ಆಗಲೇ ಹುಟ್ಟಿತ್ತು. ಅದೇ ವರ್ಷದ ಅಕ್ಟೋಬರ್ 22ರಂದು ಇಂಗ್ಲಿಷರು ಆತನ ಪಡೆಯನ್ನು ರಕ್ತಪಾತವಿಲ್ಲದೆ ನಿರಾಯುಧಗೊಳಿಸಿದರು.

ಗುಡ್ಡದ ಮೇಲೆ ಆತನ ಸಮಾಧಿಯಿದೆ: ಮೊನಚಾದ ಎತ್ತರದ ಕಲ್ಲುಕಂಬ, ಅದರ ಮೇಲೆ ಹೆಸರಿನ ಎರಡು ಮೊದಲಕ್ಷರಗಳು, ಬದಿಯಲ್ಲಿ ಕಂಬಗಳ ಮಂಟಪ. 'ಮೊಸ್ಯೂ ರೇಮಂಡ್' ಎಂಬುದು ಹಿಂದೂಗಳ ಬಾಯಲ್ಲಿ ಮೂಸಾ ರಾಮನಾಯಿತು, ಮುಸಲ್ಮಾನರ ಬಾಯಲ್ಲಿ ಮೂಸಾ ರಹೀಮನಾಯಿತು. ಆತನು ತೀರಿಕೊಂಡ ದಿನ ಬಹುಕಾಲ ಅಲ್ಲಿ ಜಾತ್ರೆ ಸೇರುತ್ತಿತ್ತು. ಜನ ದೀಪ ಹಚ್ಚಿ, ಊದುಬತ್ತಿ ಬೆಳಗುತ್ತಿದ್ದರು. ಮಾರ್ಚ್ 25, ನಮ್ಮ ಚರ್ಚುಗಳಲ್ಲಿ ಮಂಗಳವಾರ್ತೆಯ ಹಬ್ಬ.